ನಾನು ಬರೆದ ವಿಮರ್ಶೆ, ಅಕ್ಕ ನೋಡಿದ ಪಿಚ್ಚರ್

ಕ್ಯಾಸಂಬಳ್ಳಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಮೇಡಂ. ಮನೆ ಕೆಜಿಎಫ್‌ನ ಉರಿಗಾಂನಲ್ಲಿ, ಗಣಿ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳಲ್ಲೊಂದು. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಬಂಗಾರಪೇಟೆಯ ಸಣ್ಣ ವಾರಪತ್ರಿಕೆಯೊಂದಕ್ಕೆ ಸಿನಿಮಾ ವಿಮರ್ಶೆ ಬರೆಯುವ ಚಟವೂ ಇದೆ. ಅದನ್ನು ಓದುವವರು ನಮ್ಮ ಹೆಡ್‌ಮೇಡಂ ಒಬ್ಬರೇ ಎಂದು ಬಹಳ ದಿನ ನಂಬಿದ್ದೆ.

ಹೋದ ವರ್ಷ ಶಾಲೆಯ ಕಥೆಯ ಸಿನಿಮಾ ಒಂದು ಬಂತು. ಮಕ್ಕಳಿಲ್ಲದೆ ಮುಚ್ಚಲಿರುವ ಹಳ್ಳಿ ಶಾಲೆಗೆ ಒಬ್ಬ ಟೀಚರ್ ಬರುತ್ತಾಳೆ, ಮನೆಮನೆ ತಿರುಗಿ ಮಕ್ಕಳನ್ನು ಕರೆತರುತ್ತಾಳೆ, ಕೊನೆಗೆ ಶಾಲೆ ಉಳಿಯುತ್ತದೆ. ದೊಡ್ಡ ಪತ್ರಿಕೆಗಳಲ್ಲಿ ಕೆಲವರು ಹೊಗಳಿದ್ದರು, ಕೆಲವರು ಉಪದೇಶ ಜಾಸ್ತಿಯಾಯಿತು ಎಂದಿದ್ದರು. ನಾನು ಶನಿವಾರ ಶಾಲೆ ಬಿಟ್ಟ ಕೂಡಲೇ ಕೆಜಿಎಫ್‌ನ ಥಿಯೇಟರಿಗೆ ಹೋಗಿ, ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿಯಿದ್ದ ಹಾಲಿನಲ್ಲಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ನೋಡಿದೆ.

ವಿಮರ್ಶೆ ಖಾರವಾಗಿಯೇ ಇತ್ತು. ಹಿನ್ನೆಲೆ ಸಂಗೀತ ಉಸಿರಾಡಲು ಬಿಡುವುದಿಲ್ಲ ಎಂದೆ. ಟೀಚರ್ ಉಟ್ಟ ಸೀರೆ ಒಮ್ಮೆಯೂ ಮುದುಡುವುದಿಲ್ಲ ಎಂದೆ. ಮುಖ್ಯವಾಗಿ ಒಂದು ದೃಶ್ಯವನ್ನು ಹಿಡಿದುಕೊಂಡೆ. ಹುಡುಗಿಯೊಬ್ಬಳನ್ನು ಅಪ್ಪ ಶಾಲೆ ಬಿಡಿಸಿರುತ್ತಾನೆ. ಟೀಚರ್ ಅವರ ಮನೆಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬರುತ್ತಾಳೆ. ನಾಲ್ಕನೇ ಸಲ ಜಗಲಿಯಲ್ಲಿ ಕೂತವಳು ಏಳುವುದೇ ಇಲ್ಲ. ಅಪ್ಪ ಒಪ್ಪಿಕೊಳ್ಳುತ್ತಾನೆ. ಇಂಥದ್ದು ಸಿನಿಮಾದಲ್ಲಿ ಮಾತ್ರ ನಡೆಯುತ್ತದೆ, ಇಷ್ಟು ವರ್ಷ ಪಾಠ ಮಾಡಿದ ನನಗೇ ನಂಬಿಕೆ ಬರಲಿಲ್ಲ ಎಂದು ಬರೆದು ಮುಗಿಸಿದೆ.

ಪತ್ರಿಕೆ ಬಂದ ದಿನ ಹೆಡ್‌ಮೇಡಂ ಅದನ್ನು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ಒಳಗೆ ನಮ್ಮ ಬಿಸಿಯೂಟದ ಅಕ್ಕ ಸಾಂಬಾರು ತಿರುವುತ್ತಿದ್ದರು. ಐವತ್ತು ದಾಟಿದ ಹೆಂಗಸು. ಬೆಳಿಗ್ಗೆ ಎದ್ದು ಎರಡು ಹಸುವಿನ ಹಾಲು ಕರೆದು ಡೈರಿಗೆ ಹಾಕಿ ನಮ್ಮಲ್ಲಿಗೆ ಬರುವವರು. ಮಕ್ಕಳ ಊಟ ಮುಗಿದ ಮೇಲೆ ನನ್ನ ಹತ್ತಿರ ಬಂದರು.

“ಮೇಡಂ, ಆ ಪಿಚ್ಚರ್ ನಾನೂ ನೋಡ್ದೆ. ಓದ ಭಾನ್ವಾರ ನನ್ ತಂಗಿ ಕರ್ಕೊಂಡೋಗಿದ್ಲು. ನೀವು ಅಂಗ್ಯಾಕೆ ಬರ್ದ್ರಿ?”

“ನನಗೆ ಹಾಗನ್ನಿಸ್ತು ಅಕ್ಕಾ.”

“ಯಾರ್ ಜೊತೆ ನೋಡಿದ್ರಿ?”

“ಒಬ್ಬಳೇ.”

“ಒಬ್ರೇ ನೋಡಿದ್ರೆ ಏನ್ ಗೊತ್ತಾಗ್ತೈತೆ? ಈ ಭಾನ್ವಾರ ಬನ್ನಿ, ಬಂಗಾರಪೇಟೆಗೋಗಣ. ನಾನೂ ಇನ್ನೊಂದ್ ಸಲ ನೋಡ್ದಂಗಾಗ್ತೈತೆ.”

ಸ್ವಲ್ಪ ಸಿಟ್ಟು ಬಂತು. ಆದರೂ ಹೋದೆ.

ಬಂಗಾರಪೇಟೆಯ ಥಿಯೇಟರು ಮಧ್ಯಾಹ್ನದ ಆಟಕ್ಕೆ ತುಂಬಿತ್ತು. ಕಾಮಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಬಂದ ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಹಾಲೊಳಗೆ ಕನ್ನಡ, ತೆಲುಗು, ತಮಿಳು ಮೂರೂ ಒಟ್ಟಿಗೆ ಓಡಾಡುತ್ತಿದ್ದವು. ನನಗೆ ಬರೀ ಗದ್ದಲವೆನಿಸಿದ್ದ ಸಂಗೀತಕ್ಕೆ ಮಕ್ಕಳು ಚಪ್ಪಾಳೆಯ ತಾಳ ಹಾಕುತ್ತಿದ್ದರು. ಪರದೆಯ ಮೇಲೆ ಬಿಸಿಯೂಟ ಬಡಿಸುವಾಗ ಅಕ್ಕ ತಡೆಯಲಾರದೆ, “ಅಷ್ಟ್ ನೀರ್ ನೀರಾಗಿ ನಾನ್ ಮಾಡಿದ್ರೆ ಎಡ್‌ಮೇಡಂ ಬಿಡ್ತಾರಾ?” ಎಂದರು. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು.

ಆ ದೃಶ್ಯ ಬಂತು. ಟೀಚರ್ ಮೂರನೇ ಸಲ ಬರಿಗೈಯಲ್ಲಿ ಹೊರಟಾಗ ಮಕ್ಕಳೂ ಸುಮ್ಮನಾದರು. ನಾಲ್ಕನೇ ಸಲ ಅವಳು ಜಗಲಿಯಲ್ಲಿ ಕೂತಾಗ ಹಿಂದಿನಿಂದ ಒಬ್ಬ ಮುದುಕಿ ತೆಲುಗಿನಲ್ಲಿ, “ಪೋವದ್ದಮ್ಮಾ, ಕೂಚೋ” ಎಂದು ಪರದೆಗೇ ಹೇಳಿದಳು. ಹೋಗಬೇಡಮ್ಮಾ, ಕೂತ್ಕೋ ಎಂದು. ಅಕ್ಕ ನನ್ನ ಮುಂಗೈ ಹಿಡಿದುಕೊಂಡರು. ಬಳೆ ಒತ್ತಿ ನೋಯುವಷ್ಟು ಬಿಗಿ. ಅಪ್ಪ ತಲೆಯಾಡಿಸಿದ ಮೇಲೆ ಕೈ ಬಿಟ್ಟು, ತಮ್ಮಷ್ಟಕ್ಕೇ ನಕ್ಕರು.

ಆಟ ಬಿಟ್ಟ ಮೇಲೆ ಪಾನಿಪುರಿ ಗಾಡಿಯ ಮುಂದೆ ನಿಂತೆವು.

“ನಮ್ ಮೇಷ್ಟ್ರೂ ಮೂರ್ ಸಲ ಬಂದಿದ್ರು ಮೇಡಂ,” ಎಂದರು ಅಕ್ಕ. “ನಾನಾಗ ಐದ್ನೇ ಕ್ಲಾಸು. ಕುರಿ ಮೇಯ್ಸಕ್ಕೆ ಯಾರೂ ಇಲ್ಲ ಅಂತ ನಮ್ಮಪ್ಪ ಬಿಡ್ಸಿದ್ದ. ಮೂರ್ ಸಲಾನೂ ಮೇಷ್ಟ್ರಿಗೆ ಮಜ್ಜಿಗೆ ಕೊಟ್ಟು ಕಳ್ಸಿಬಿಟ್ಟ.”

“ನಾಲ್ಕನೇ ಸಲ?”

“ಬರ್ಲಿಲ್ಲ. ಅವ್ರಿಗೆ ಎಲ್ಲಿಗೋ ವರ್ಗ ಆಯ್ತಂತೆ. ನಾನು ಕುರಿ ಒಡ್ಕೊಂಡು ಓಗವಾಗೆಲ್ಲ ರಸ್ತೆ ಕಡೀಗೇ ನೋಡ್ತಿದ್ದೆ.” ಒಂದು ಪುರಿ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದರು. “ನೀವು ಸುಳ್ಳು ಅಂದ್ರಲ್ಲ, ಮೂರ್ ಸಲ ನಿಜ ಮೇಡಂ. ನಾಲ್ಕನೇ ಸಲ ಈ ಪಿಚ್ಚರ್‌ನಾಗೆ ಬಂದ್ರು. ಸಾಕು, ನೋಡಿ ಸಂತೋಷ ಆಯ್ತು.”

ಅವರ ಮುಖದಲ್ಲಿ ದುಃಖವೇನೂ ಇರಲಿಲ್ಲ. ಇನ್ನೊಂದು ಪ್ಲೇಟಿಗೆ ಖಾರ ಜಾಸ್ತಿ ಹಾಕು ಎಂದು ಗಾಡಿಯವನಿಗೆ ಹೇಳುತ್ತಿದ್ದರು. ತಳಮಳವಾದದ್ದು ನನಗೆ. ಎರಡೇ ಸಲ ಹೋಗಿ, ಹಾಜರಿ ಪುಸ್ತಕದಲ್ಲಿ ಶಾಲೆ ಬಿಟ್ಟ ಮಗು ಎಂದು ಗುರುತು ಹಾಕಿ ಸುಮ್ಮನಾದ ಮನೆಗಳು ನನ್ನ ಲೆಕ್ಕದಲ್ಲೂ ಇದ್ದವು. ಅದನ್ನು ಅಕ್ಕನಿಗೆ ಹೇಳಿದೆ. “ಎರಡ್ ಸಲ ಓಗಿದ್ರಲ್ಲ ಬುಡಿ. ಇನ್ನೊಂದ್ ಸಲ ಓಗೋವಾಗ ನನ್ನೂ ಕರೀರಿ, ಆ ಮನೆ ಹೆಂಗಸ್ರ್ ಜೊತೆ ನಾನ್ ಮಾತಾಡ್ತೀನಿ,” ಎಂದರು.

ಮುಂದಿನ ವಾರ ಅದೇ ಸಿನಿಮಾದ ಬಗ್ಗೆ ಎರಡನೇ ಸಲ ಬರೆದೆ. ಸಂಗೀತದ ಬಗ್ಗೆ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಸೀರೆಯ ಮಾತನ್ನೂ ಇಲ್ಲ. ಬಂಗಾರಪೇಟೆಯ ಥಿಯೇಟರಿನಲ್ಲಿ ಕಂಡದ್ದನ್ನು, ಕುರಿ ಕಾಯುತ್ತಾ ರಸ್ತೆ ನೋಡುತ್ತಿದ್ದ ಒಬ್ಬ ಹುಡುಗಿಯ ವಿಷಯವನ್ನು ಅಕ್ಕನನ್ನು ಕೇಳಿಯೇ ಸೇರಿಸಿದೆ. ಹೆಡ್‌ಮೇಡಂ ಅದನ್ನೂ ಗಟ್ಟಿಯಾಗಿ ಓದಿ ಮುಗಿಸಿದಾಗ ಅಕ್ಕ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು.

“ನನ್ ಎಸ್ರು ಆಕ್ದೆ ಇದ್ದಿದ್ದು ಒಳ್ಳೇದಾಯ್ತು ಮೇಡಂ. ಇಲ್ದಿದ್ರೆ ನಮ್ಮಪ್ಪನ್ನ ಊರೆಲ್ಲ ಬೈತಿತ್ತು. ಪಾಪ, ಅವನ್ಗೂ ಬ್ಯಾರೆ ದಾರಿ ಇರ್ಲಿಲ್ಲ.”

ಆಮೇಲೆ ಹೆಡ್‌ಮೇಡಂ ಎಲ್ಲ ಮಕ್ಕಳನ್ನೂ ಅದೇ ಸಿನಿಮಾಕ್ಕೆ ಕರೆದೊಯ್ದರು. ಮರುದಿನ ನನ್ನ ತರಗತಿಯಲ್ಲಿ ಅದರ ಬಗ್ಗೆ ಒಂದು ಪುಟ ಬರೆಯಿರಿ ಎಂದೆ. ಹೆಚ್ಚಿನವರು ಕಥೆ ಬರೆದರು. ಒಬ್ಬಳು, ಈ ಟೀಚರ್ ಹೋಮ್‌ವರ್ಕೇ ಕೊಡುವುದಿಲ್ಲ, ಆದ್ದರಿಂದ ಇದು ನಿಜವಾದ ಶಾಲೆ ಅಲ್ಲ ಎಂದು ಬರೆದಿದ್ದಳು. ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿ, ಹತ್ತಕ್ಕೆ ಹತ್ತು ಕೊಟ್ಟೆ.