ಬನಹಟ್ಟಿಯ ಬೆಂಕಿ ಪಡೆಯೂ ಬಣ್ಣದ ಮನೆಯ ಅಕ್ಕನೂ

ನಮ್ಮ ಕಡೆಯ ಸಂಸ್ಥಾನಗಳು ಮುಂಬೈ ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಬನಹಟ್ಟಿಯ ನೇಕಾರರು ಕೂಡಿ ಬೆಂಕಿ ಆರಿಸುವ ಪಡೆಯೊಂದನ್ನು ಕಟ್ಟಿಕೊಂಡೆವು. ಮನೆಮನೆಯಲ್ಲೂ ಮಗ್ಗ, ಮೂಲೆಮೂಲೆಯಲ್ಲೂ ನೂಲು. ಒಂದು ಕಿಡಿ ಹಾರಿದರೆ ಓಣಿಯೇ ಹೋಗುವ ಭಯ. ನನಗಾಗ ಹೊಸದಾಗಿ ಮದುವೆಯಾಗಿತ್ತು. ಹೆಂಡತಿಯ ಮುಂದೆ ಖಾಕಿ ತೊಟ್ಟು ನಿಲ್ಲುವ ಆಸೆಗೇ ನಾನು ಹೆಸರು ಕೊಟ್ಟಿದ್ದು.

ಪಲ್ಟನ್ನಿನಿಂದ ನಿವೃತ್ತರಾಗಿ ಬಂದಿದ್ದ ಹವಾಲ್ದಾರರೊಬ್ಬರು ನಮ್ಮ ನಾಯಕರು. ಮುನ್ಸಿಪಾಲಿಟಿಯವರು ಎತ್ತಿನ ಗಾಡಿಯ ಮೇಲೆ ನೀರಿನ ಟಾಕಿ, ಕೈಪಂಪು ಕೂಡಿಸಿ ಕೊಟ್ಟಿದ್ದರು. ಸೋಮವಾರ ಸಂಜೆ ಕವಾಯತು. ಹುಕುಮುಗಳೆಲ್ಲ ಹಿಂದಿಯಲ್ಲಿ; ನಮಗೆ ತಿಳಿಯುತ್ತಿದ್ದದ್ದು ‘ರುಕೋ’ ಒಂದೇ. ಹೀಗಾಗಿ ನಿಲ್ಲುವುದರಲ್ಲಿ ಬಹಳ ಪಳಗಿದ್ದೆವು.

ಒಂದು ಮಧ್ಯಾಹ್ನ ಬಣ್ಣಗಾರರ ಓಣಿಯಲ್ಲಿ ಬೆಂಕಿ ಎಂದು ಕೂಗೆದ್ದಿತು. ಗಾಡಿ ನಿಲ್ಲಿಸುವ ಜಾಗಕ್ಕೆ ಓಡಿಹೋದರೆ ಗಾಡಿ ಇತ್ತು, ಎತ್ತು ಇರಲಿಲ್ಲ. ಎತ್ತಿನವನು ಬೀಗರನ್ನು ಕರೆತರಲು ತನ್ನ ಚಕ್ಕಡಿ ಹೂಡಿಕೊಂಡು ಜಮಖಂಡಿಗೆ ಹೋಗಿದ್ದ.

“ನೀವs ಎತ್ತ ಆಗ್ರೋ!” ಎಂದರು ಹವಾಲ್ದಾರರು. ಅವರು ಕನ್ನಡದಲ್ಲಿ ಕೊಟ್ಟ ಮೊದಲ ಹುಕುಮು ಅದು. ಎಂಟು ಜನ ನೊಗಕ್ಕೆ ಹೆಗಲು ಕೊಟ್ಟು ಏದುಸಿರು ಬಿಡುತ್ತ ಎಳೆದೆವು.

ಬೆಂಕಿ ಬಿದ್ದದ್ದು ಒಬ್ಬ ವಿಧವೆಯ ಮನೆಯಲ್ಲಿ. ಗಂಡ ತೀರಿದ ಮೇಲೆ ನೂಲಿಗೆ ಬಣ್ಣ ಹಾಕುವ ಕೆಲಸವನ್ನು ತಾನೇ ನಡೆಸುತ್ತಿದ್ದ ಗಟ್ಟಿಗಿತ್ತಿ. ನಾವು ಮುಟ್ಟುವಷ್ಟರಲ್ಲಿ ಆಕೆ ಓಣಿಯ ಹೆಂಗಸರನ್ನು ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಲ್ಲಿಸಿ, ಕೈಯಿಂದ ಕೈಗೆ ಕೊಡ ದಾಟಿಸಿ, ಬೆಂಕಿ ಆರಿಸಿಯೇ ಬಿಟ್ಟಿದ್ದಳು. ಚಪ್ಪರದಿಂದ ಬರೀ ಹೊಗೆ ಏಳುತ್ತಿತ್ತು. ಹೊರಗೆ ತಂದುಳಿಸಿದ ನೂಲಿನ ಲಡಿಗಳು ಅಂಗಳದಲ್ಲಿನ ಹಗ್ಗದ ಹೊರಸಿನ ಮೇಲಿದ್ದವು.

ಹೊಗೆ ಕಂಡ ಹವಾಲ್ದಾರರು “ಮಾರೋ!” ಎಂದು ಗರ್ಜಿಸಿದರು. ನೀರು ಹೊಡೆಯಿರಿ ಎಂದಿರಬೇಕೆಂದು ಈ ಸಲ ಅರ್ಥ ಊಹಿಸಿದೆವು. ಪೈಪು ನನ್ನ ಕೈಯಲ್ಲಿ. ಪಂಪು ಒತ್ತಿದ್ದೇ ತಡ, ಅದು ಹಾವಿನಂತೆ ಹೊರಳಿ ಮೊದಲು ಹೊರಸನ್ನೂ ಆಮೇಲೆ ಹವಾಲ್ದಾರರ ರುಮಾಲನ್ನೂ ತೋಯಿಸಿತು. ಹಸಿಬಣ್ಣದ ಲಡಿಗಳಿಂದ ಕೆಂಪು, ಹಸಿರು, ಹಳದಿ ಕೂಡಿ ಅಂಗಳದ ತುಂಬ ಹರಿದವು.

“ಬೆಂಕಿ ನಾವs ಆರ್ಸೇವಿ. ಉಳದದ್ದನ್ನ ಹಾಳ ಮಾಡಾಕ ನೀವು ಬಂದ್ರೇನು?” ಎಂದಳು ಆಕೆ.

ಹವಾಲ್ದಾರರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ತಪ್ಪಾತ್ರಿ, ಅಕ್ಕಾರ.”

“ತಪ್ಪಾತಂದ್ರ ಆತೇನು? ನಾಳೆ ಎಲ್ಲಾರೂ ಬರ್ರಿ.”

ಹೋದೆವು. ಕಲೆಬಿದ್ದ ನೂಲನ್ನೆಲ್ಲ ಕಪ್ಪು ಮಾಡುವುದೊಂದೇ ದಾರಿಯಾಗಿತ್ತು. ಮೂರು ದಿನ ಆಕೆ ಹೇಳಿದಂತೆ ಅದ್ದಿದೆವು, ಹಿಂಡಿದೆವು, ಒಣಹಾಕಿದೆವು. ಮೊಣಕೈವರೆಗೆ ಕಪ್ಪಾದ ನನ್ನನ್ನು ಹೆಂಡತಿ ರೊಟ್ಟಿ ಬುಟ್ಟಿಯ ಹತ್ತಿರವೂ ಬಿಡಲಿಲ್ಲ.

ಮೂರನೆಯ ದಿನ ಹವಾಲ್ದಾರರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಅಕ್ಕಾರ, ನೀವು ನಮ್ಮ ಪಡಿಗೆ ಬರಬೇಕ್ರಿ.”

“ನಾ ಖಾಕಿ ಹಾಕ್ಕೊಳ್ಳಂಗಿಲ್ಲ.”

“ಬ್ಯಾಡ್ರಿ.”

“ಹಿಂದಿ ತಿಳಿಯಂಗಿಲ್ಲ ನನಗ.”

ಅವರು ನಮ್ಮೆಲ್ಲರ ಮುಖ ನೋಡಿದರು. “ಇವರಿಗೂ ತಿಳಿಯಂಗಿಲ್ರಿ.”

ಬೇಸಿಗೆಯಲ್ಲಿ ಊರಂಚಿನ ಬಣವೆಗೆ ಬೆಂಕಿ ಬಿದ್ದಾಗ ಆಕೆಯ ಸಾಲು ನಮಗಿಂತ ಮೊದಲೇ ಸಿದ್ಧವಾಗಿತ್ತು. ಹವಾಲ್ದಾರರು ತಾವಾಗಿ ಆ ಸಾಲಿನ ನಡುವೆ ಹೋಗಿ ನಿಂತು ಕೊಡ ಸಾಗಿಸಿದರು. “ಲಗೂ ಕೈ ನಡಸ್ರಿ!” ಎಂದು ಆಕೆ ಗದರಿದಳು. “ಹೂಂರಿ” ಎಂದರವರು. ಅರ್ಧ ಬಣವೆ ಉಳಿಯಿತು.