ಫೋಟೋದಲ್ಲಿ ಅಲುಗಿದ ಕೈ

ನನ್ನ ಕಸುಬು ಗಡಿಯಾರ ರಿಪೇರಿ. ಕ್ಯಾಮೆರಾ ನನಗೆ ಆಮೇಲೆ ಅಂಟಿಕೊಂಡ ಚಟ. ನಿಜಾಮರ ಆಳ್ವಿಕೆಯ ಆ ವರ್ಷಗಳಲ್ಲಿ ಕಲಬುರ್ಗಿಯಲ್ಲಿ ಕ್ಯಾಮೆರಾ ಇದ್ದವರು ತೀರ ಕಡಿಮೆ. ದೊಡ್ಡ ಅಧಿಕಾರಿಗಳು, ಒಬ್ಬಿಬ್ಬರು ವಕೀಲರು, ಹುಚ್ಚು ಹಿಡಿಸಿಕೊಂಡ ಕೆಲವು ಕಾರಕೂನರು. ಅದು ಕೆಟ್ಟರೆ ಹೈದರಾಬಾದಿಗೆ ಕಳಿಸಬೇಕು. ಆ ತಾಪತ್ರಯ ಬೇಡವೆಂದು ಮೂಲೆಗೆ ಎಸೆಯುತ್ತಿದ್ದರು. ಮನೆಯ ಯಜಮಾನ ತೀರಿಕೊಂಡ ಮೇಲೆ ಹಿತ್ತಾಳೆ ಹಂಡೆ, ಮುರಿದ ಕಂದೀಲುಗಳ ಜೊತೆ ಅದು ಕೋಟೆಯ ಹೊರಗಿನ ಹಳೆ ಸಾಮಾನಿನ ಬಜಾರಿಗೆ ಬಂದು ಬೀಳುತ್ತಿತ್ತು. ಆಗ ರಜೆ ಇರುತ್ತಿದ್ದ ಶುಕ್ರವಾರ ಅಂಗಡಿ ಬಾಗಿಲು ಹಾಕಿಕೊಂಡು ನಾನು ಅಲ್ಲಿಗೆ ಹೋಗುತ್ತಿದ್ದೆ.

ಅಂಥ ಒಂದು ಶುಕ್ರವಾರ ಹಳೆ ಸಾಮಾನು ಮಾರುವ ಮುದುಕ ನನ್ನನ್ನು ದೂರದಿಂದಲೇ ಕರೆದ.

"ಬರ್ರಿ ಮಿಸ್ತ್ರಿ, ನಿಮ್ಮ ಸಲುವಾಗೇ ತೆಗೆದಿಟ್ಟೀನಿ. ಅಸಲಿ ಮಾಲ್ ಅದ."

ಮಡಿಚಿಡುವ ಕ್ಯಾಮೆರಾ ಅದು. ಮುಂದಿನ ಮುಚ್ಚಳ ಇಳಿಸಿದರೆ ಮಸೂರ ತಿದಿಯಂಥ ಕಪ್ಪು ಚರ್ಮದ ಮಡಿಕೆಗಳೊಂದಿಗೆ ಹೊರಗೆ ಸರಿಯಬೇಕು. ಸರಿಯಲಿಲ್ಲ. ತುಕ್ಕು ಹಿಡಿದಿತ್ತು.

"ಯಾರದಿದು?"

"ಕಮಲಾಪುರದಾಗ ಊರ ಲೆಕ್ಕ ಬರಿಯೋ ಪಟವಾರಿ ಒಬ್ರು ತೀರಿಕೊಂಡ್ರು. ಅವರ ಮನಿ ಸಂದೂಕದಾಗ ಸಿಕ್ತು. ಹತ್ತು ಹನ್ನೆರಡು ವರ್ಷ ಅದನ್ನ ತೆರೆದೇ ಇಲ್ಲಂತ. ಅರಿವ್ಯಾಗ ಸುತ್ತಿ, ಮ್ಯಾಲೆ ಗಂಟು ಹಾಕಿ ಇಟ್ಟಿದ್ರು."

ಅಂಗಡಿಗೆ ತಂದು ನೋಡಿದೆ. ಹಿಂಬದಿಯ ಸಣ್ಣ ಕೆಂಪು ಕಿಟಕಿಯಲ್ಲಿ ಎಂಟು ಎಂಬ ಅಂಕಿ ಕಾಣುತ್ತಿತ್ತು. ಅಂದರೆ ಒಳಗೆ ರೋಲು ಇತ್ತು, ಎಂಟನೆಯ ಚಿತ್ರದ ತನಕ ಬಂದು ನಿಂತಿತ್ತು. ತೆರೆದರೆ ಬೆಳಕು ತಾಗಿ ಎಲ್ಲ ಹಾಳು. ಹಾಗೇ ಎತ್ತಿಕೊಂಡು ಉಸ್ತಾದರ ಹತ್ತಿರ ಹೋದೆ. ಉಸ್ತಾದ್ ಎಂದು ನಾನು ಕರೆಯುತ್ತಿದ್ದುದು ಫೋಟೋ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರನ್ನು. ಫಿಲ್ಮು ತೊಳೆಯುವುದನ್ನು ನನಗೆ ಕಲಿಸಿದವರು ಅವರೇ.

ಮಧ್ಯಾಹ್ನದ ಉರಿಬಿಸಿಲಲ್ಲಿ ಅವರ ಹಿಂದಿನ ಕೋಣೆಯ ಕಿಟಕಿಗಳಿಗೆ ಕಂಬಳಿ ಹೊದಿಸಿ, ಕೆಂಪು ದೀಪದಲ್ಲಿ ಫಿಲ್ಮಿನ ಎರಡೂ ತುದಿ ಹಿಡಿದು ಔಷಧದ ತಟ್ಟೆಯಲ್ಲಿ ಮೇಲೆ ಕೆಳಗೆ ಆಡಿಸಿದೆ. ಏಳು ಚಿತ್ರಗಳು ಬರೀ ಮಂಜು. ಎಂಟನೆಯದು ಮೂಡಿತು. ಮೊದಲು ಮೂರು ಕರಿ ಗೆರೆಗಳು ಕಂಡವು. ಅದು ಹಣೆಯ ವಿಭೂತಿ. ಫಿಲ್ಮಿನಲ್ಲಿ ಬಿಳಿಯದೆಲ್ಲ ಕರಿಯಾಗಿ ಬರುತ್ತದೆ. ವಿಭೂತಿಯ ಕೆಳಗೆ ಒಂದು ಮುಖ, ಕೊರಳ ತುಂಬ ಹೂವು. ಹೆಣ್ಣುಮಗಳೊಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮುಚ್ಚಿತ್ತು.

ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಕೂತಂತೆಯೇ ಮಣ್ಣಿಗೆ ಕೊಡುತ್ತೇವೆ. ನನಗೆ ಬೇರೆ ಹೇಳಬೇಕಾಗಿರಲಿಲ್ಲ.

ಮರುದಿನ ಅಂಗಳದ ಬಿಸಿಲಲ್ಲಿ ಕಾಗದಕ್ಕೆ ಅಚ್ಚು ಇಳಿಸಿದೆ. ಹೆಣದ ಎಡಕ್ಕೆ ಒಬ್ಬ ಮುದುಕಿ, ಅದರ ಭುಜ ಹಿಡಿದು ಕೂತಿದ್ದಳು. ಪಕ್ಕದಲ್ಲಿ ದೀಪದ ಸಮೆ, ಅದರ ಎರಡು ಬತ್ತಿಗಳು. ಹಿಂದೆ ಗೂಟಕ್ಕೆ ತೂಗಿದ ಪಂಚೆ. ಎಲ್ಲವೂ ಸ್ಪಷ್ಟವಾಗಿತ್ತು. ಹೆಣದ ಬಲಗೈ ಮಾತ್ರ ಸರಿಯಾಗಿ ಬಂದಿರಲಿಲ್ಲ. ತೊಡೆಯ ಮೇಲಿದ್ದ ಆ ಕೈಯ ಬೆರಳುಗಳು ಎರಡೆರಡಾಗಿ, ಹೊಗೆಯ ಹಾಗೆ ಕಲಸಿಕೊಂಡಿದ್ದವು.

ಕ್ಯಾಮೆರಾದ ದೋಷ ಎಂದುಕೊಂಡೆ. ಒಂದು ವಾರ ಅದನ್ನೇ ಹಿಡಿದು ಕೂತೆ. ತುಕ್ಕು ಕೆರೆದೆ, ಬೆಳಕನ್ನು ಒಳಗೆ ಬಿಟ್ಟು ತಡೆಯುವ ಷಟರಿನ ಎಲೆಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದೆ, ತಿದಿಯ ಮೂಲೆಯ ತೂತಿಗೆ ಕಪ್ಪು ಬಟ್ಟೆಯ ತೇಪೆ ಅಂಟಿಸಿದೆ. ಮಸೂರ ಚೊಕ್ಕವಾಗಿತ್ತು. ಒಂದು ಕೈಯನ್ನಷ್ಟೇ ಕೆಡಿಸುವ ದೋಷ ಅದರಲ್ಲಿ ಎಲ್ಲಿಯೂ ಸಿಗಲಿಲ್ಲ.

ಉಸ್ತಾದರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಪಡಸಾಲ್ಯಾಗ ತೆಗೆದಾರ. ಬೆಳಕು ಕಡಿಮಿ. ಹತ್ತು ಎಣಿಸೋತನಕ ಷಟರ್ ತೆರೆದಿಟ್ಟಿರಬೇಕು," ಎಂದರು. "ಹೆಣದಂಥಾ ಗಿರಾಕಿ ನಮ್ಮ ಕಸುಬಿನ್ಯಾಗ ಬ್ಯಾರೆ ಇಲ್ಲಪ್ಪ. ಎಷ್ಟು ಹೊತ್ತು ತೆರೆದಿಟ್ರೂ ಗೆರಿ ಗೆರಿ ಚೊಕ್ಕ ಬರ್ತದ. ಅಲುಗೋರು ನಾವು, ಬದುಕಿದೋರು."

ಅವರು ಚಿತ್ರವನ್ನು ನನ್ನ ಕೈಗೆ ಕೊಟ್ಟು ಕೈ ತೊಳೆದುಕೊಂಡರು. ಮುಂದೆ ಅದರ ಮಾತು ಎತ್ತಲಿಲ್ಲ.

ಅವರು ಹೇಳಿದ್ದರ ಅರ್ಥ ನನಗೆ ಆಗಿತ್ತು. ಉಸಿರಿದ್ದವಳನ್ನು ಹೂ ಏರಿಸಿ ಕೂಡಿಸಿದ್ದರು. ಆಮೇಲೆ? ಆಮೇಲಿನದನ್ನು ನೆನೆದರೆ ಬಾಯಲ್ಲಿ ಮಣ್ಣಿನ ರುಚಿ ಬಂದಂತಾಗುತ್ತಿತ್ತು. ಫೋಟೋವನ್ನು ಸಂಬಂಧಿಕರಿಗೆ ಮುಟ್ಟಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಹೆಣ್ಣುಮಗಳು ಏನಾದಳು ಎಂದು ತಿಳಿಯದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಕಮಲಾಪುರಕ್ಕೆ ಹೋದದ್ದು ಸಂತೆಯ ದಿನ. ಮೋಟಾರಿನಿಂದ ಇಳಿದಾಗ ಕೆಂಪು ಬಾಳೆಗೊನೆಗಳ ಸಾಲು ದಾರಿಯ ತನಕ ಬಂದಿತ್ತು. ತೀರಿಕೊಂಡ ಪಟವಾರಿಯ ಮನೆ ಕೇಳಿದರೆ ಬಾಳೆಹಣ್ಣು ಮಾರುವವಳು ಬೆರಳು ಮಾಡಿ ತೋರಿಸಿದಳು. ತೋರಿಸಿದ ಮೇಲೆ ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಬಾಗಿಲು ಬಡಿದೆ. ಚಿಲಕ ಸರಿಯಿತು. ಬಾಗಿಲು ತೆರೆದವಳು ಫೋಟೋದಲ್ಲಿದ್ದ ಹೆಣ್ಣುಮಗಳು.

ತಲೆಗೂದಲು ಅಲ್ಲಲ್ಲಿ ನೆರೆತಿತ್ತು, ಹಣೆಯಲ್ಲಿ ಅವೇ ಮೂರು ಗೆರೆ. ಕಣ್ಣು ತೆರೆದಿದ್ದವು, ಅಷ್ಟೇ ವ್ಯತ್ಯಾಸ. ನಾನು ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

"ಯಾರು ಬೇಕಾಗಿತ್ರಿ?" ಎಂದಳು. ಆಕೆಯ ದೃಷ್ಟಿ ನನ್ನ ಕಂಕುಳಲ್ಲಿದ್ದ ಕ್ಯಾಮೆರಾದ ಮೇಲೆ ಬಿತ್ತು. ಅಲ್ಲೇ ನಿಂತಿತು.

"ಒಳಗ ಬಾ ತಮ್ಮಾ," ಎಂದಳು. "ಅದನ್ನ ಹೊರಗೇ ಇಡು."

ಪಡಸಾಲೆಯಲ್ಲಿ ಚಾಪೆ ಹಾಕಿದಳು. ಅದೇ ಗೋಡೆ, ಅದೇ ಗೂಟ. ನೀರು ಕುಡಿದೆ. ಬಂದ ಕಾರಣ ಹೇಳಿದೆ. ಆಕೆ ಗಾಬರಿಯಾಗಲಿಲ್ಲ.

"ಆ ವರ್ಷ ಊರಾಗ ಪ್ಲೇಗ್ ಬಂದಿತ್ತು. ಮಂದಿ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ರು. ನನಗ ಜ್ವರ ಬಂದು ಮೂರನೇ ದಿನಕ್ಕ ಮಾತು ಹೋತು. ಉಸಿರು ಹೋತು ಅಂದ್ರು. ನನಗ ಎಲ್ಲಾ ಕೇಳ್ತಿತ್ತು ತಮ್ಮಾ. ಮೈ ತೊಳದ್ರು, ನೀರು ತಣ್ಣಗ ಇತ್ತು. ಕುಣಿ ತೋಡಿ ಆಗ್ಯಾದ, ಲಗು ಎತ್ರಿ ಅಂತ ಹೊರಗ ಯಾರೋ ಒದರಾಕತ್ತಿದ್ರು. ಕಣ್ಣು ತೆರೀಬೇಕು ಅಂತೀನಿ, ರೆಪ್ಪಿ ನನ್ನವು ಅಲ್ಲ."

"ಆಮ್ಯಾಲ?"

"ನಮ್ಮನಿಯವ್ರು ಅಂದ್ರು, ಆಕಿದು ಒಂದೂ ಫೋಟೋ ಇಲ್ಲ, ಒಂದು ಗಳಿಗಿ ತಡೀರಿ. ಸ್ಟೂಲ್ ಎಳೆದ ಸಪ್ಪಳ ಬಂತು. ಯಾರೂ ಅಲುಗಬ್ಯಾಡ್ರಿ ಅಂದ್ರು. ಮೂರು ದಿನದಾಗ ಆ ಮನಿ ಮೊದಲನೇ ಸಲ ಗಪ್ಪಾತು. ಅಷ್ಟು ಗಪ್ಪಾದ ಮ್ಯಾಲ ನನ್ನ ಕೈ ಎಲ್ಲಿ ಅದ ಅಂತ ನನಗ ಗೊತ್ತಾತು. ಈಗ ಅಲುಗಿಸಲಿಲ್ಲ ಅಂದ್ರ ಮುಂದ ಇಲ್ಲ ಅಂತ ಅಲುಗಿಸಿದೆ."

ಗಂಡ ಷಟರು ಮುಚ್ಚಿ, ತೊಡೆಯಿಂದ ಜಾರಿದ್ದ ಕೈಯನ್ನು ಸರಿ ಮಾಡಲು ಬಂದಿದ್ದ. ಕೈ ಹಿಡಿದಾಗ ಬೆರಳುಗಳು ಅವನ ಬೆರಳುಗಳನ್ನು ಹಿಡಿದುಕೊಂಡಿದ್ದವು. ಅವನು ಚೀರಿದ್ದನ್ನು ಊರಾಚೆಯ ಗುಡಿಸಲಿನವರೂ ಕೇಳಿದರಂತೆ. ಅಂದಿನಿಂದ ಅವನು ಕ್ಯಾಮೆರಾ ಮುಟ್ಟಲಿಲ್ಲ. ಊರಿನವರು ಆಕೆಯನ್ನು ಮುಟ್ಟಲಿಲ್ಲ. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ನಿಲ್ಲುತ್ತಿದ್ದರು.

"ಮಣ್ಣಿಗೆ ಹೊಂಟಾಕಿ ತಿರುಗಿ ಬಂದಾಳ ಅಂತ ಹೆದರಿಕಿ ಅವರಿಗೆ. ನಮ್ಮತ್ತಿ ಒಬ್ಬಾಕಿ ನನ್ನ ಅಂಗೈಯಾಗ ಇಟ್ಟು ಸಾಕಿದಳು ನೋಡು. ಮೊದಲನೇ ರೊಟ್ಟಿ ನನಗ, ಹೊಸಾ ಸೀರಿ ನನಗ. ಆದ್ರ ಸಾಯೋತನಕ ನನ್ನ ಮಾರಿ ನೋಡಿ ಮಾತಾಡ್ಲಿಲ್ಲ. ಗೋಡಿ ಜೋಡಿ ಮಾತಾಡಿದಂಗ ಮಾತಾಡಾಕಿ. ಯಾಕ ಅಂತ ಕೇಳಿದ್ರ ಎದ್ದು ಹೋಗಾಕಿ."

ಆಕೆ ಕೈ ಚಾಚಿದಳು. "ಕೊಡು, ನೋಡ್ತೀನಿ."

ಫೋಟೋ ಕೊಟ್ಟೆ. ಚಿತ್ರ ಚಿಕ್ಕದಾಗಿತ್ತು, ಆಕೆಗೆ ಕಾಣಲಿಲ್ಲ. ಗಡಿಯಾರ ನೋಡಲು ನಾನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜನ್ನು ಜೇಬಿನಿಂದ ತೆಗೆದು ಕೊಟ್ಟೆ. ಆಕೆ ಗಾಜನ್ನು ತನ್ನ ಮುಖದ ಮೇಲಿಟ್ಟು ನೋಡಿದಳು, ಕೈಯ ಮೇಲಿಟ್ಟು ನೋಡಿದಳು. ಆಮೇಲೆ ಎಡಕ್ಕೆ ಸರಿಸಿದಳು. ಅಲ್ಲಿಂದ ಗಾಜು ಅಲುಗಲಿಲ್ಲ.

ಕೊನೆಗೆ ಫೋಟೋ, ಗಾಜು ಎರಡನ್ನೂ ನನ್ನ ಕಡೆ ಚಾಚಿದಳು. "ನನ್ನ ಕಣ್ಣು ನಂಬಾಕಾಗವಲ್ದು. ನಮ್ಮತ್ತಿ ಎಲ್ಲಿ ನೋಡಾಕತ್ತಾಳ, ನೀ ಹೇಳು."

ಒಂದು ತಿಂಗಳಿಂದ ಆ ಫೋಟೋ ನನ್ನ ಬಳಿ ಇತ್ತು. ನಾನು ನೋಡಿದ್ದೆಲ್ಲ ಕಲಸಿದ ಬೆರಳುಗಳನ್ನು ಮಾತ್ರ. ಪಕ್ಕದ ಮುದುಕಿಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದೆ. ಆಕೆ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ತಲೆ ನೆಟ್ಟಗಿತ್ತು, ಕಣ್ಣು ಕೆಳಗಿದ್ದವು. ಸೊಸೆಯ ಬಲಗೈಯನ್ನೇ ನೋಡುತ್ತಿದ್ದಳು. ಬಾಯಿ ಬಿಗಿದಿತ್ತು. ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಚೊಕ್ಕವಾಗಿ ಬಂದಿದ್ದ ಮುಖ ಅದೇ.

ಸುಳ್ಳು ಹೇಳೋಣ ಎನಿಸಿತು. ಆಗಲಿಲ್ಲ.

"ಕೈ ನೋಡಾಕತ್ತಾರ್ರೀ," ಎಂದೆ. ಮತ್ತೆ ಅವಸರದಿಂದ, "ಅವರಿಗೆ ಗಾಬರಿ ಆಗಿರಬೇಕ್ರಿ ಅವ್ವಾರ. ಅಲುಗಬ್ಯಾಡ್ರಿ ಅಂತ ಅವರ ಮಗನೇ ಹೇಳಿದ್ರಲ್ಲ," ಎಂದೆ.

ಆಕೆ ಮೆಲ್ಲಗೆ ತಲೆಯಾಡಿಸಿದಳು. "ಹೌದು. ಮಗ ಅಲುಗಬ್ಯಾಡ್ರಿ ಅಂದಿದ್ದ. ಆಕಿ ಅಲುಗಲಿಲ್ಲ."

ಅತ್ತೆ ಪ್ಲೇಗಿಗೆ ಹೆದರಿದಳೋ, ಸತ್ತವಳ ಕೈ ಅಲುಗಿದ್ದಕ್ಕೆ ಹೆದರಿದಳೋ, ಸೊಸೆ ಹೋದರೆ ಹೋಗಲಿ ಎಂದುಕೊಂಡಳೋ, ಹೇಳಲು ಅತ್ತೆ ಉಳಿದಿರಲಿಲ್ಲ. ಆ ಹೆಣ್ಣುಮಗಳು ಫಿಲ್ಮು ಇದೆಯೇ ಎಂದು ಕೇಳಿದಳು. ಕೊಟ್ಟೆ. ಒಳಗೆ ಹೋಗಿ ಒಲೆಗೆ ಹಾಕಿದಳು. ಆಗಿನ ಫಿಲ್ಮು ಬೇಗ ಹೊತ್ತಿಕೊಳ್ಳುತ್ತಿತ್ತು. ಅಡುಗೆಮನೆಯ ಗೋಡೆ ಒಮ್ಮೆ ಬೆಳ್ಳಗಾಗಿ ಆರಿತು. ಫೋಟೋವನ್ನು ಮಾತ್ರ ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಳು.

"ರೊಟ್ಟಿ ಮಾಡ್ತೀನಿ, ಉಂಡು ಹೋಗು," ಎಂದಳು. "ಈ ಮನ್ಯಾಗ ಹೊರಗಿನವರು ಉಂಡು ಬಹಳ ವರ್ಷ ಆತು."

ಉಂಡೆ. ಬಿಸಿ ರೊಟ್ಟಿ, ಎಣ್ಣೆಗಾಯಿ. ಆಕೆ ಕ್ಯಾಮೆರಾ ಬೇಡವೆಂದಳು, ನಾನೇ ತೆಗೆದುಕೊಂಡು ಹೊರಟೆ. ಮೋಟಾರು ಹತ್ತಿದ ಮೇಲೆ ಹೊಳೆಯಿತು. ಆಕೆ ಎದುರಿಗೆ ಕೂತು ಬಡಿಸುತ್ತಿದ್ದಷ್ಟು ಹೊತ್ತೂ ನಾನು ತಾಟಿನಿಂದ ಕಣ್ಣು ಎತ್ತಿರಲಿಲ್ಲ.

ಆಮೇಲೂ ಎಷ್ಟೋ ಹಳೆಯ ಕ್ಯಾಮೆರಾಗಳನ್ನು ಬಜಾರಿನಿಂದ ತಂದೆ, ರಿಪೇರಿ ಮಾಡಿದೆ. ಮೂರು ನಾಲ್ಕರಲ್ಲಿ ರೋಲು ಇತ್ತು. ಅವುಗಳನ್ನು ಅಂಗಡಿಯ ಮುಂದಿನ ಬಿಸಿಲಿಗೆ ತಂದು, ಹಿಂಬದಿ ತೆರೆದು, ಫಿಲ್ಮನ್ನು ಪೂರ್ತಿ ಎಳೆದು ಬೆಳಕಿಗೆ ಹಿಡಿಯುತ್ತಿದ್ದೆ. ಅದರ ಬಣ್ಣ ತಿರುಗುವ ತನಕ ಕಾಯುತ್ತಿದ್ದೆ. ಆಮೇಲೆಯೇ ಸ್ಕ್ರೂಡ್ರೈವರು ಕೈಗೆ ತೆಗೆದುಕೊಳ್ಳುತ್ತಿದ್ದೆ.