ಅಲ್ಪವಿರಾಮಕ್ಕಾಗಿ ಜಗಳವಾಡಿದ ಟೀಚರ್

ಸಿಟ್ಟು ಬಂದರೆ ಟೀಚರಿಗೆ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ, ಸಾಗರದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಅವರು ಕಂಪ್ಯೂಟರ್ ತರಗತಿ ನಡೆಸುತ್ತಿದ್ದಾಗ, ಆ ಕಿವಿ ಕೆಂಪಾಗದ ದಿನಗಳೇ ಕಡಿಮೆ. "ಗೊತ್ತಿಲ್ದಿದ್ರೆ ಕೇಳು, ಊಹೆ ಮಾಡ್ಬೇಡ" ಎಂದು ನಮ್ಮನ್ನೆಲ್ಲ ಗದರುತ್ತಿದ್ದರು.

ಹೊಸನಗರದ ಕಡೆ ಅಣೆಕಟ್ಟಿನಿಂದ ಮುಳುಗಡೆಯಾದವರಿಗೆ ನಿವೇಶನ ಕೊಡಲು ಕಚೇರಿಯೊಂದು ಪಟ್ಟಿ ಮಾಡಿಸುತ್ತಿತ್ತು. ಟೈಪ್ ಮಾಡುವ ಕೆಲಸ ನಮ್ಮದು. ಸರ್ವೆ ನಂಬರು, ಹೆಸರು, ಊರು, ಒಂದೊಂದರ ನಡುವೆ ಅಲ್ಪವಿರಾಮ. ಹೆಸರಿನೊಳಗೇ ಅಲ್ಪವಿರಾಮ ಬಂದರೆ ಅದಕ್ಕೆ ಮೊದಲು ಒಂದು ಓರೆಗೆರೆ ಹಾಕಬೇಕು. ಇಲ್ಲಿ ಕತ್ತರಿಸಬೇಡ ಎಂದರ್ಥ. ಓರೆಗೆರೆಯೇ ಬೇಕಾದಲ್ಲಿ ಅದನ್ನು ಎರಡು ಸಲ ಒತ್ತಬೇಕು. ಈ ನಿಯಮಗಳನ್ನು ಟೀಚರ್ ಬರೆದೇ ಕಳಿಸಿದ್ದರು. ಪಟ್ಟಿ ಅಚ್ಚು ಹಾಕುವ ಗುತ್ತಿಗೆದಾರ ಓದಲಿಲ್ಲ. ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸಿದ.

ಒಬ್ಬ ಅಜ್ಜಿ ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದಳು. "ನಂಗೆ ಜಾಗ ಇಲ್ವಂತೆ ಕಣಮ್ಮಾ. ನಮ್ ಯಜಮಾನ್ರ ಹೆಸ್ರು ಹೇಳಿ, ಆ ಊರೇ ಇಲ್ಲ ಅಂತಾರೆ." ಅವಳ ಹೆಸರಿನ ಜೊತೆ ಅಲ್ಪವಿರಾಮ ಹಾಕಿ ಬರೆದಿದ್ದ ಗಂಡನ ಹೆಸರು ಕತ್ತರಿಸಿ ಬೇರೆಯಾಗಿ, ಊರಿನ ಹೆಸರಾಗಿಬಿಟ್ಟಿತ್ತು.

ಟೀಚರ್ ಅವಳ ಕೈ ಹಿಡಿದು ಕಚೇರಿಗೆ ನಡೆದರು. ನಾನೂ ಹೋದೆ.

"ಕಂಪ್ಯೂಟರ್ ಕೊಟ್ಟಿದ್ದು, ನಾವೇನ್ ಮಾಡಾಣ ಮೇಡಂ?" ಎಂದ ಅಧಿಕಾರಿ.

"ಕಂಪ್ಯೂಟರಿಗೆ ಹೇಳಿದ್ದು ಯಾರ್ರೀ? ಮನುಷ್ಯರ ಹೆಸ್ರು ಸೀಳಿ, ಮೆಷಿನ್ ಮೇಲೆ ಹಾಕ್ತೀರಾ?"

ಗುತ್ತಿಗೆದಾರ ತೇಪೆ ಹಾಕಿದ: ಹಿಂದೆ ಓರೆಗೆರೆಯಿರುವ ಅಲ್ಪವಿರಾಮದಲ್ಲಿ ಕತ್ತರಿಸಬೇಡ. ಆಗ ಬೇರೆಯವರ ಸಾಲು ಕೆಟ್ಟಿತು. ಹಿಸ್ಸೆ, ಅಂದರೆ ಪಾಲಿನ ಸಂಖ್ಯೆ, ತುಂಬದ ಸರ್ವೆ ನಂಬರುಗಳು ಓರೆಗೆರೆಯಲ್ಲೇ ಮುಗಿಯುತ್ತಿದ್ದವು; ಅಂಥ ಗೆರೆಯನ್ನು ನಿಯಮದಂತೆ ಎರಡು ಸಲ ಒತ್ತಿದ್ದೆವು. ಅವರ ಸರ್ವೆ ನಂಬರು ಹೆಸರಿಗೆ ಅಂಟಿಕೊಂಡಿತು.

"ಒಂದಕ್ಷರ ಹಿಂದೆ ನೋಡಿದ್ರೆ ಸಾಲ್ದು ಮಾರಾಯ, ಮೊದ್ಲಿಂದ ಓದ್ಕಂಡ್ ಬಾ!" ಎಂದು ಟೀಚರ್ ಅವನನ್ನು ಕುರ್ಚಿಯಿಂದ ಎಬ್ಬಿಸಿದರು. ಓರೆಗೆರೆ ಸಿಕ್ಕರೆ ಮುಂದಿನ ಅಕ್ಷರವನ್ನೂ ಜೊತೆಗೇ ತೆಗೆದುಕೊ, ಬರೀ ಅಲ್ಪವಿರಾಮ ಸಿಕ್ಕಲ್ಲಿ ಮಾತ್ರ ನಿಲ್ಲು. ಇದನ್ನೆಲ್ಲ ಕಂಪ್ಯೂಟರಿಗೆ ಹೇಳುವ, ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಆ ಒಂದೇ ಸಾಲನ್ನು ಅಲ್ಲೇ ಕೂತು ಬರೆದರು. ಪಟ್ಟಿ ಸರಿಯಾಯಿತು. ಅಜ್ಜಿಗೆ ಜಾಗ ಸಿಕ್ಕಿತು.

ಟೀಚರಿಗೆ ಆ ಕಚೇರಿಯಿಂದ ಮತ್ತೆ ಕೆಲಸ ಬರಲಿಲ್ಲ. ಗುತ್ತಿಗೆದಾರನಿಗೆ ಬಂತು! ತರಗತಿ ಮುಚ್ಚಿತು. ಅವರು ತೀರ್ಥಹಳ್ಳಿಗೆ ಹೋಗಿ, ಕೊನೆಯವರೆಗೂ ಗಣಿತದ ಟ್ಯೂಷನ್ ಹೇಳಿಕೊಂಡಿದ್ದರು.

ಅವರು ತೀರಿಕೊಂಡ ದಿನ ಆ ಅಧಿಕಾರಿಯೂ ಬಂದಿದ್ದ. "ಒಳ್ಳೇರು, ಬಾಯಿ ಸ್ವಲ್ಪ ಜೋರು" ಎಂದ.

"ಆ ಬಾಯಿ ಜೋರಿಲ್ದಿದ್ರೆ ಅಜ್ಜಿ ಎಲ್ಲಿ ಮಲಗ್ತಿದ್ಳು ಸಾರ್?" ಎಂದೆ.

ಎಲ್ಲರೂ ತಿರುಗಿ ನೋಡಿದರು. ಸಾವಿನ ಮನೆಯೆಂದು ನಾನು ದನಿ ತಗ್ಗಿಸಲಿಲ್ಲ.